ತಿರುಗುವ ಶಾಫ್ಟ್ ಮತ್ತು 'ಅಜಾಗರೂಕತೆ' ಎಂಬ ತೀರ್ಪು

ಟ್ರಾಕ್ಟರಿನ ಹಿಂಭಾಗದಲ್ಲಿ, ಎರಡು ದೊಡ್ಡ ಚಕ್ರಗಳ ನಡುವೆ, ಉದ್ದುದ್ದ ಗಾಡಿಗಳಿರುವ ಗಿಡ್ಡ ಉಕ್ಕಿನ ದಂಡವೊಂದು ಹೊರಚಾಚಿರುವುದನ್ನು ನೀವು ನೋಡಿರಬಹುದು. ಎಂಜಿನ್ನಿನ ಶಕ್ತಿಯನ್ನು ಬೇರೊಂದು ಯಂತ್ರಕ್ಕೆ ಕೊಡುವ ಈ ವ್ಯವಸ್ಥೆಗೆ 'ಪವರ್ ಟೇಕ್ ಆಫ್' ಎಂದು ಹೆಸರು. ರೈತರ ಬಾಯಲ್ಲಿ ಅದು ಪಿ.ಟಿ.ಓ. ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1918ರಲ್ಲಿಯೇ ತನ್ನ ಟ್ರಾಕ್ಟರಿಗೆ ಇದನ್ನು ಅಳವಡಿಸಿ ಮಾರಾಟಕ್ಕೆ ತಂದಿತು. ಇಂದು ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದಂಥ ಶೇಂಗಾ ಸೀಮೆಯ ಹಳ್ಳಿಗಳಲ್ಲಿ ರೋಟವೇಟರ್, ಒಕ್ಕಣೆ ಯಂತ್ರ ಮುಂತಾದವನ್ನು ಓಡಿಸುವುದು ಈ ದಂಡವೇ.

ಇದಕ್ಕೆ ಸೆರಗೋ, ಲುಂಗಿಯೋ, ಜಡೆಯೋ ಸಿಕ್ಕಿ ಯಾರಾದರೂ ಸತ್ತರೆ, ಕೈ ಕಳೆದುಕೊಂಡರೆ ಸಾಮಾನ್ಯವಾಗಿ ಕೇಳಿಬರುವ ವಿವರಣೆ ಒಂದೇ: 'ಅಜಾಗರೂಕತೆ'. ಈ ಮಾತು ಭೌತವಿಜ್ಞಾನದ ಪರೀಕ್ಷೆಯಲ್ಲಿ ನಿಲ್ಲುತ್ತದೆಯೆ? ಲೆಕ್ಕ ಹಾಕಿ ನೋಡೋಣ.

ಪಿ.ಟಿ.ಓ. ಶಾಫ್ಟಿನ ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು. ಶಾಫ್ಟನ್ನು ಯಂತ್ರಕ್ಕೆ ಜೋಡಿಸುವ ಯೂನಿವರ್ಸಲ್ ಜಾಯಿಂಟಿನ ಹೊರವ್ಯಾಸ ಸುಮಾರು 10 ಸೆಂ.ಮೀ. ಎಂದುಕೊಳ್ಳಿ. ಅದರ ಸುತ್ತಳತೆ 31.4 ಸೆಂ.ಮೀ. ಹೀಗಾಗಿ ಅದಕ್ಕೆ ಸಿಕ್ಕಿದ ಬಟ್ಟೆ ಸೆಕೆಂಡಿಗೆ ಸುಮಾರು 2.8 ಮೀಟರ್ ವೇಗದಲ್ಲಿ ಸುತ್ತಿಕೊಳ್ಳುತ್ತದೆ. ಸುತ್ತುಗಳು ಒಂದರ ಮೇಲೊಂದು ಬಿದ್ದಂತೆ ವ್ಯಾಸ ಹೆಚ್ಚುತ್ತದೆ, ಎಳೆತದ ವೇಗವೂ ಹೆಚ್ಚುತ್ತದೆ. ಕಾದು ಕುಳಿತವನಿಗೂ ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಸುಮಾರು 0.2 ಸೆಕೆಂಡು ಬೇಕು. ಅಷ್ಟರಲ್ಲಿ 56 ಸೆಂ.ಮೀ. ಸೆರಗು ಒಳಗೆ ಹೋಗಿರುತ್ತದೆ. ಕೂಗು ಕೇಳಿ ಚಾಲಕ ಒಂದೇ ಸೆಕೆಂಡಿನಲ್ಲಿ ಕ್ಲಚ್ ಒತ್ತಿದನೆಂದೇ ಇಟ್ಟುಕೊಳ್ಳಿ. ಶಾಫ್ಟ್ ಆಗಲೇ 9 ಸುತ್ತು ಮುಗಿಸಿರುತ್ತದೆ.

ಎಳೆದು ಬಿಡಿಸಿಕೊಳ್ಳಬಹುದಲ್ಲವೆ ಎಂದು ನೀವು ಕೇಳಬಹುದು. ಶಾಫ್ಟಿಗೆ 30 ಅಶ್ವಶಕ್ತಿ, ಅಂದರೆ ಸುಮಾರು 22,400 ವಾಟ್ ದೊರೆಯುತ್ತಿದೆ ಎನ್ನಿ. ಕೋನೀಯ ವೇಗ ಸೆಕೆಂಡಿಗೆ 56.5 ರೇಡಿಯನ್. ಸಾಮರ್ಥ್ಯವನ್ನು ಕೋನೀಯ ವೇಗದಿಂದ ಭಾಗಿಸಿದರೆ ಟಾರ್ಕ್ ಸುಮಾರು 400 ನ್ಯೂಟನ್ ಮೀಟರ್. ಕೇಂದ್ರದಿಂದ 5 ಸೆಂ.ಮೀ. ದೂರದಲ್ಲಿ ಅದು ಸುಮಾರು 8,000 ನ್ಯೂಟನ್ ಬಲ. ಇದು 800 ಕಿಲೋಗ್ರಾಂ ರಾಶಿಯ ತೂಕಕ್ಕೆ ಸಮ. ಯಾವ ಕಟ್ಟುಮಸ್ತಾದ ಆಳೂ ಇದರೊಡನೆ ಹಗ್ಗಜಗ್ಗಾಟ ಆಡಲಾರ.

ಹಾಗಾದರೆ ತೀರ್ಪು ಏನು? ಸೆರಗು ಸಿಕ್ಕಿದ ಮೇಲೆ ಜಾಗರೂಕತೆಗೆ ಸಮಯವೇ ಉಳಿಯುವುದಿಲ್ಲ. ಸಿಗದಂತೆ ತಡೆಯುವುದೊಂದೇ ದಾರಿ. ದಿನವಿಡೀ ದೂಳಿನಲ್ಲಿ ದಣಿದ ಮನಸ್ಸಿನ ಎಚ್ಚರವನ್ನು ನೆಚ್ಚಿ ಅದು ಆಗುವಂಥದಲ್ಲ. ಅದನ್ನು ಮಾಡಬಲ್ಲದ್ದು ಕವಚ. ತಿರುಗುವ ಶಾಫ್ಟಿನ ಸುತ್ತ ತಿರುಗದ ಪ್ಲಾಸ್ಟಿಕ್ ಕೊಳವೆ, ಅದು ಸುತ್ತದಂತೆ ಹಿಡಿದಿಡುವ ಸಣ್ಣ ಸರಪಳಿ, ಟ್ರಾಕ್ಟರಿನ ತುದಿಯಲ್ಲಿ ಲೋಹದ ಮರೆ: ಇಷ್ಟೇ. ಎಂಜಿನ್ ನಿಂತಿರುವಾಗ ಕೊಳವೆಯನ್ನು ಕೈಯಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಅದು ಶಾಫ್ಟಿಗೆ ಕಚ್ಚಿಕೊಂಡಿದೆ. ಅಂಥ ಕವಚ ಇದ್ದೂ ಇಲ್ಲದಂತೆ.

ಕವಚ ಕಳಚಿಹೋಗುವುದಕ್ಕೂ ಕಾರಣವಿದೆ. ಜಾಯಿಂಟಿಗೆ ಗ್ರೀಸ್ ಹಾಕಲು ಅದು ಅಡ್ಡಬಂದರೆ ಬಿಚ್ಚುತ್ತಾರೆ. ಒಕ್ಕಣೆಯ ಅವಸರದಲ್ಲಿ ಮತ್ತೆ ಹಾಕುವುದಿಲ್ಲ. ಇದು ರೈತನ ತಪ್ಪಷ್ಟೇ ಅಲ್ಲ, ವಿನ್ಯಾಸಕನ ತಪ್ಪೂ ಹೌದು. ಬಿಚ್ಚದೆಯೇ ಗ್ರೀಸ್ ಹಾಕುವಂತಿದ್ದರೆ ಬಿಚ್ಚುವವರು ಯಾರು?

ಇನ್ನು ಎಚ್ಚರಿಕೆಯ ಫಲಕಗಳು. 'ತಿರುಗುವ ಶಾಫ್ಟಿನಿಂದ ದೂರವಿರಿ' ಎಂಬ ಮಾತು ಸರಿ. ಆದರೆ ಏಕೆ ಎಂಬುದನ್ನು ಅದು ಹೇಳುವುದಿಲ್ಲ. ಕಾರಣ ತಿಳಿಯದ ನಿಯಮ ಅವಸರ ಬಂದಾಗ ಮೊದಲು ಮುರಿಯುತ್ತದೆ. ಉದಾಹರಣೆಗೆ, ಟ್ರಾಕ್ಟರ್ ನಿಂತಿದ್ದರೆ ಶಾಫ್ಟೂ ನಿಂತಿದೆ ಎಂಬ ಭಾವನೆ. ಎರಡು ಹಂತದ ಕ್ಲಚ್ ಇರುವ ಟ್ರಾಕ್ಟರುಗಳಲ್ಲಿ ಪೆಡಲನ್ನು ಅರ್ಧ ಒತ್ತಿದರೆ ಚಕ್ರಗಳಿಗೆ ಹೋಗುವ ಶಕ್ತಿ ಮಾತ್ರ ಕಡಿಯುತ್ತದೆ; ಪಿ.ಟಿ.ಓ. ತಿರುಗುತ್ತಲೇ ಇರುತ್ತದೆ. ಪೂರ್ತಿ ಒತ್ತಿದರೂ ಒಕ್ಕಣೆ ಯಂತ್ರದ ಭಾರವಾದ ಡ್ರಮ್ಮು ತನ್ನ ಜಡತ್ವದಿಂದ ಇನ್ನಷ್ಟು ಹೊತ್ತು ತಿರುಗಬಹುದು. ಆದ್ದರಿಂದಲೇ ಈ ಕ್ರಮ: ಪಿ.ಟಿ.ಓ. ಲಿವರ್ ಬಿಡಿಸಿ, ಎಂಜಿನ್ ನಿಲ್ಲಿಸಿ, ಕೀಲಿ ತೆಗೆದುಕೊಳ್ಳಿ, ಎಲ್ಲ ಭಾಗಗಳೂ ನಿಂತದ್ದನ್ನು ಕಣ್ಣಾರೆ ನೋಡಿ, ಆಮೇಲೆ ಕೈ ಹಾಕಿ. ಶಾಫ್ಟನ್ನು ದಾಟಿ ಹೋಗಬೇಡಿ, ಸುತ್ತಿಕೊಂಡು ಹೋಗಿ.

ಅಪಾಯದ ಹೊಣೆ ಕೂಲಿಯವರದು ಮಾತ್ರವಲ್ಲ ಎಂಬುದನ್ನು ಕಾನೂನೂ ಒಪ್ಪಿದೆ. ಸಂಸತ್ತು 1983ರಲ್ಲಿ ಅಂಗೀಕರಿಸಿದ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ, ಶಕ್ತಿಚಾಲಿತ ಒಕ್ಕಣೆ ಯಂತ್ರಗಳ ತಯಾರಕರ ಮೇಲೂ ಮಾರಾಟಗಾರರ ಮೇಲೂ ಹೊಣೆ ಹೊರಿಸಿತು. ಸಾವುನೋವಿಗೆ ಪರಿಹಾರವನ್ನೂ ವಿಧಿಸಿತು. ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೃಷಿ ಯಂತ್ರಗಳ ಪರೀಕ್ಷೆಗೂ ತರಬೇತಿಗೂ ಕೇಂದ್ರ ಸರ್ಕಾರದ ಸಂಸ್ಥೆಯೇ ಇದೆ. ಆದರೆ ಇಂಥ ತರಬೇತಿಗೆ ಹೋಗುವವರು ಯಂತ್ರ ನಡೆಸುವವರು. ಯಂತ್ರದ ಬಾಯಿಗೆ ಶೇಂಗಾ ಬಳ್ಳಿ ಹಾಕುವ ಹೆಂಗಸಿಗೆ ಹೇಳುವವರು ಯಾರು? ಆಕೆಯ ಮಕ್ಕಳು ಇರುವುದು ನಮ್ಮ ತರಗತಿಗಳಲ್ಲಿ.

ನನ್ನ ಮುಖ್ಯ ಆಕ್ಷೇಪ ಇರುವುದೂ ಅಲ್ಲಿಯೇ. ವೃತ್ತೀಯ ಚಲನೆಗೆ ನಾವು ಕೊಡುವ ಉದಾಹರಣೆಗಳು ದಾರಕ್ಕೆ ಕಟ್ಟಿದ ಕಲ್ಲು, ಜಾತ್ರೆಯ ತೊಟ್ಟಿಲು, ಭೂಮಿಯನ್ನು ಸುತ್ತುವ ಉಪಗ್ರಹ. ಎಲ್ಲವೂ ಸರಿಯೇ. ಆದರೆ ವಿದ್ಯಾರ್ಥಿಯ ಮನೆಯ ಕಣದಲ್ಲಿ ಸೆಕೆಂಡಿಗೆ 9 ಸುತ್ತು ತಿರುಗುವ ಶಾಫ್ಟ್ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಪದವಿ ತರಗತಿಗೂ ಅದರಲ್ಲಿ ಪಾಠವಿದೆ. ಒಂದೇ ಯೂನಿವರ್ಸಲ್ ಜಾಯಿಂಟು 30 ಡಿಗ್ರಿ ಬಾಗಿದ್ದರೆ, ಒಂದು ತುದಿ 540ರಲ್ಲಿ ಸಮವಾಗಿ ತಿರುಗಿದರೂ ಇನ್ನೊಂದು ತುದಿಯ ವೇಗ 468ರಿಂದ 624ರವರೆಗೆ ಪ್ರತಿ ಸುತ್ತಿಗೆ ಎರಡು ಬಾರಿ ಏರಿಳಿಯುತ್ತದೆ. ಎರಡು ಜಾಯಿಂಟುಗಳು ಸಮಕೋನದಲ್ಲಿದ್ದು, ನಡುವಿನ ಶಾಫ್ಟಿನ ಎರಡೂ ಕವಲುಗಳು ಒಂದೇ ಸಮತಲದಲ್ಲಿದ್ದರೆ ಈ ಏರಿಳಿತ ರದ್ದಾಗುತ್ತದೆ. ರಿಪೇರಿ ಮಾಡುವಾಗ ತಪ್ಪಾಗಿ ಜೋಡಿಸಿದರೆ ಶಾಫ್ಟ್ ಅದುರುವುದು ಇದಕ್ಕೇ.

ಶಿಕ್ಷಕರು ಮಾಡಬಹುದಾದ ಪ್ರಯೋಗವೊಂದಿದೆ. ಅದಕ್ಕೆ ಟ್ರಾಕ್ಟರಿನ ಹತ್ತಿರ ಹೋಗಬೇಕಾಗಿಲ್ಲ, ಹೋಗಲೂ ಕೂಡದು. ಒಬ್ಬರು ಅಳತೆಪಟ್ಟಿಯನ್ನು ಮೇಲಿನಿಂದ ಬಿಡಲಿ, ಇನ್ನೊಬ್ಬರು ಬೆರಳುಗಳಿಂದ ಹಿಡಿಯಲಿ. 20 ಸೆಂ.ಮೀ. ಜಾರಿದ ಮೇಲೆ ಹಿಡಿದರೆ ಸ್ಪಂದನ ಕಾಲ ಸುಮಾರು 0.2 ಸೆಕೆಂಡು. ಪ್ರತಿ ವಿದ್ಯಾರ್ಥಿಯೂ ತನ್ನ ಕಾಲವನ್ನು 2.8ರಿಂದ ಗುಣಿಸಿ, ಅಷ್ಟು ಉದ್ದದ ದಾರವನ್ನು ಕತ್ತರಿಸಲಿ. ಆ ದಾರವನ್ನು ಮನೆಗೆ ಒಯ್ದು ತಾಯಿಯ ಸೆರಗಿನ ಪಕ್ಕದಲ್ಲಿ ಹಿಡಿದು ನೋಡಲಿ. ಮನೆಯ ಟ್ರಾಕ್ಟರಿನ ಶಾಫ್ಟಿಗೆ ಕವಚವಿದೆಯೆ ಎಂದು ಕೇಳಲಿ.