'ಕಿಸ್ಸಾ ಯೋಜೋಕಿ'ಯ ಸಾಕ್ಷ್ಯ: ಹಸಿರು ಚಹವೂ ಅರ್ಬುದರೋಗವೂ

ಜಪಾನಿನ ಜೆನ್ ಭಿಕ್ಷು ಐಸಾಯ್ 1211ರಲ್ಲಿ ರಚಿಸಿದ 'ಕಿಸ್ಸಾ ಯೋಜೋಕಿ'ಯು ಚಹಪಾನದಿಂದ ಆರೋಗ್ಯವನ್ನು ಕಾಪಾಡಿಕೊಳ್ಳುವ ಬಗೆಯನ್ನು ನಿರೂಪಿಸುವ ಗ್ರಂಥ. 1214ರಲ್ಲಿ ಅಸ್ವಸ್ಥನಾಗಿದ್ದ ಷೋಗನ್ ಸನೆತೊಮೊವಿಗೆ ಐಸಾಯ್ ಚಹವನ್ನೂ ಅದರ ಗುಣಗಳನ್ನು ಕೊಂಡಾಡುವ ಬರಹವನ್ನೂ ಅರ್ಪಿಸಿದನೆಂದು 'ಅಜುಮ ಕಾಗಮಿ' ಎಂಬ ಚರಿತ್ರಗ್ರಂಥದಿಂದ ತಿಳಿದುಬರುತ್ತದೆ. ಹಸಿರು ಚಹವು ಅರ್ಬುದರೋಗವನ್ನು, ಎಂದರೆ ಕ್ಯಾನ್ಸರನ್ನು, ತಡೆಯಬಲ್ಲುದೆಂದು ಪ್ರತಿಪಾದಿಸುವವರು ಈ ಗ್ರಂಥವನ್ನು ಪ್ರಾಚೀನ ಪ್ರಮಾಣವೆಂದು ಮುಂದಿಡುವುದುಂಟು. ಈ ಪ್ರಮಾಣದ ಬಲವೆಷ್ಟು ಎಂಬುದೇ ಪ್ರಕೃತ ವಿಚಾರ.

ಐಸಾಯನ ವಾದಸರಣಿ ಸ್ಪಷ್ಟವಾಗಿದೆ. ಪಂಚಾಂಗಗಳಿಗೆ ಪಂಚರುಚಿಗಳು ಹಿತ. ಹೃದಯಕ್ಕೆ ಹಿತವಾದುದು ಕಹಿ. ಚಹ ಕಹಿಯಾದುದರಿಂದ ಅದು ಹೃದಯವನ್ನು ಬಲಪಡಿಸುತ್ತದೆ. ಇದು ಸಿದ್ಧಾಂತದಿಂದ ಹೊರಡಿಸಿದ ಅನುಮಾನವೇ ಹೊರತು ರೋಗಿಗಳನ್ನು ಎಣಿಸಿ ಕಂಡ ಫಲವಲ್ಲ. ಚಹವು ಜಪಾನಿನಲ್ಲಿ ಔಷಧವೆಂದು ಮನ್ನಣೆ ಪಡೆದ ಬಗೆಯನ್ನು ತಿಳಿಯಲು ಈ ಗ್ರಂಥ ಅಮೂಲ್ಯ. ಅರ್ಬುದರೋಗದ ವಿಷಯದಲ್ಲಿ ಅದನ್ನು ಸಾಕ್ಷಿಗೆ ಕರೆಯುವುದು ಯುಕ್ತವಲ್ಲ.

ಆಧುನಿಕ ಪ್ರಮಾಣ ಬೇರೆ ಜಾತಿಯದು. ಹಸಿರು ಚಹದ ಕ್ಯಾಟೆಚಿನ್‌ಗಳಲ್ಲಿ ಮುಖ್ಯವಾದುದು ಎಪಿಗ್ಯಾಲೊಕ್ಯಾಟೆಚಿನ್ ಗ್ಯಾಲೇಟ್. ಅದನ್ನು ಲೇಪಿಸಿದಾಗ ಇಲಿಗಳ ಚರ್ಮದಲ್ಲಿ ಗೆಡ್ಡೆಗಳ ಬೆಳವಣಿಗೆ ಕುಗ್ಗಿತೆಂದು ಜಪಾನಿನ ಸಂಶೋಧಕರು 1987ರಲ್ಲಿ ಪ್ರಕಟಿಸಿದರು. ಆದರೆ ಇಲಿಯ ಚರ್ಮಕ್ಕೂ ಮನುಷ್ಯನ ಜಠರಕ್ಕೂ ಅಂತರವಿದೆ. ಮಿಯಾಗಿ ಪ್ರಾಂತದ 26,311 ಜನರನ್ನು ಕುರಿತು 2001ರಲ್ಲಿ ಹೊರಬಂದ ಅಧ್ಯಯನದಲ್ಲಿ, ದಿನಕ್ಕೆ ಐದು ಬಟ್ಟಲು ಅಥವಾ ಅದಕ್ಕೂ ಹೆಚ್ಚು ಹಸಿರು ಚಹ ಕುಡಿದವರಲ್ಲಿಯೂ ಜಠರದ ಅರ್ಬುದ ಕಡಿಮೆಯಾದುದು ಕಾಣಲಿಲ್ಲ. 142 ಅಧ್ಯಯನಗಳನ್ನು, 11 ಲಕ್ಷಕ್ಕೂ ಹೆಚ್ಚು ಜನರ ವಿವರಗಳನ್ನು ಪರಿಶೀಲಿಸಿದ 2020ರ ಕಾಕ್ರನ್ ಸಮೀಕ್ಷೆಯು ಫಲಿತಾಂಶಗಳು ಪರಸ್ಪರ ಹೊಂದುವುದಿಲ್ಲವೆಂದಿತು.

ಇದು ಬರಿಯ ಪಾಂಡಿತ್ಯದ ಚರ್ಚೆಯಲ್ಲ. ಅಸ್ಥಿಮಜ್ಜೆಯ ಅರ್ಬುದಕ್ಕೆ ಕೊಡುವ ಬಾರ್ಟೆಜೊಮಿಬ್ ಔಷಧದ ಶಕ್ತಿಯನ್ನು ಇದೇ ದ್ರವ್ಯವು ಕುಂದಿಸುವುದೆಂದು 2009ರ ಪ್ರಯೋಗಗಳು ತೋರಿಸಿದವು. ಚಹದ ಸಾರವನ್ನು ಗುಳಿಗೆಗಳಾಗಿ ಸೇವಿಸಿ, ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚಾಗಿ ಈ ದ್ರವ್ಯ ದೇಹ ಸೇರಿದರೆ ಯಕೃತ್ತಿಗೆ ತೊಂದರೆಯಾಗಬಹುದೆಂದು ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ಹಳೆಯ ಗ್ರಂಥದ ಗೌರವವನ್ನು ನಂಬಿ ವೈದ್ಯನಿಗೆ ತಿಳಿಸದೆ ಇಂಥ ಗುಳಿಗೆಗಳನ್ನು ನುಂಗುವ ರೋಗಿಯ ಹಾನಿ ನಿಜವಾದುದು.

ಚಹವನ್ನು ಪಾನೀಯವಾಗಿ ಸವಿಯುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಗ್ರಂಥದ ಪ್ರಾಚೀನತೆ ಅದರ ವಯಸ್ಸನ್ನು ಸ್ಥಾಪಿಸುತ್ತದೆಯೇ ವಿನಾ ಅದರ ಮಾತಿನ ಸತ್ಯವನ್ನಲ್ಲ ಎಂಬ ಇತಿಹಾಸದ ಮೊದಲ ಪಾಠವನ್ನು ವಿದ್ಯಾರ್ಥಿಗಳು ಇಲ್ಲಿಯೂ ಅನ್ವಯಿಸಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ.