ಕೈಲಾಸಂ ನಡೆದಾಡಿದ ರೀಲು

ಚಿಂತಾಮಣಿ ಕಡೆ ಕೇಳಿಕೆ ಎಂಬ ಬಯಲಾಟ ನೋಡಿದವರಿಗೆ ಸಾರಥಿ ಯಾರೆಂದು ಹೇಳಬೇಕಿಲ್ಲ. ರಾಜನನ್ನು ಮಾತಿಗೆಳೆದು, ಕನ್ನಡದೊಳಗೆ ತೆಲುಗು ಬೆರೆಸಿ, ತೂಕಡಿಸುವವರನ್ನು ಎಬ್ಬಿಸಿ ಕೂರಿಸುವವನು ಅವನೇ. ನಾನು ಹುಡುಗನಾಗಿದ್ದಾಗ ಒಂದು ರಾತ್ರಿ ಮೈಕು ಕೆಟ್ಟಿತು. ಸಾರಥಿ ಹೆಗಲ ಮೇಲಿನ ವಲ್ಲಿಯನ್ನು ಕಿರೀಟದಂತೆ ಸುತ್ತಿಕೊಂಡು, ರಾಜನ ಬೆನ್ನ ಹಿಂದೆಯೇ ರಾಜನ ಹೆಜ್ಜೆ ಹಾಕಿದ. ಒಂದು ಮಾತಿಲ್ಲ, ಕೊನೇ ಸಾಲಿನವರೂ ನಕ್ಕರು. 1931ರ ‘ವಸಂತಸೇನಾ’ ಮೂಕಿಚಿತ್ರದ ಹೆಸರು ಕಂಡಾಗಲೆಲ್ಲ ನನಗೆ ಆ ವಲ್ಲಿ ನೆನಪಾಗುತ್ತದೆ.

ಶೂದ್ರಕನ ‘ಮೃಚ್ಛಕಟಿಕ’ವನ್ನು ತೆರೆಗೆ ತಂದವರು ಮೋಹನ್ ಭವನಾನಿ. ನಟಿಸಿದವರಲ್ಲಿ ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ನಾಟಕಕಾರ ಟಿ.ಪಿ. ಕೈಲಾಸಂ ಇದ್ದರು. ಚಿತ್ರ ಇಂದು ನೋಡಲು ಸಿಗುವುದಿಲ್ಲ.

ಈ ನಾಟಕ ಮೂಕಿಗೆ ಒಗ್ಗುವಂಥದೇ? ಅದರ ಖಳ ಶಕಾರನ ಹಾಸ್ಯವೆಲ್ಲ ನಾಲಿಗೆಯದು. ‘ಸ’ ಅನ್ನಬೇಕಾದಲ್ಲಿ ‘ಶ’ ಅನ್ನುವ ಉಚ್ಚಾರ, ರಾವಣನ ಕೈಗೆ ಕುಂತಿಯನ್ನು ಸಿಕ್ಕಿಸುವ ಪುರಾಣಜ್ಞಾನ. ಧ್ವನಿ ಇಲ್ಲದೆ ಇವು ಸಪ್ಪೆ. ಆದರೆ ಎರಡನೇ ಅಂಕ ನೋಡಿ. ಜೂಜಿನಲ್ಲಿ ಸೋತ ಸಂವಾಹಕ ಹೆಜ್ಜೆಗುರುತು ಹಿಡಿದು ಬರುವವರನ್ನು ತಪ್ಪಿಸಲು ಹಿಂದುಮುಂದಾಗಿ ನಡೆದು, ದೇವರಿಲ್ಲದ ಗುಡಿಗೆ ಹೊಕ್ಕು, ತಾನೇ ವಿಗ್ರಹವಾಗಿ ನಿಲ್ಲುತ್ತಾನೆ. ಅಟ್ಟಿಸಿಕೊಂಡು ಬಂದವರು ಅವನೆದುರೇ ಜೂಜಿಗೆ ಕೂರುತ್ತಾರೆ. ಅವನಿಗೆ ಕೈ ತುರಿಸುತ್ತದೆ, ತಡೆದುಕೊಳ್ಳಲಾರ. ಮೂಕಿಗೆಂದೇ ಬರೆದಂತಿದೆ. ಜನಿವಾರದಲ್ಲಿ ಗೋಡೆ ಅಳೆದು ಕನ್ನ ಕೊರೆಯುವ ಶರ್ವಿಲಕನೂ ಅಂಥವನೇ.

ಮಾತಿನ ಮಲ್ಲನಾದ ಕೈಲಾಸಂ ಮಾತಿಲ್ಲದ ಚಿತ್ರದಲ್ಲಿ ವ್ಯರ್ಥವಾದರು ಎಂದು ನಾನೂ ಬಹುಕಾಲ ನಂಬಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಅವರ ಮಾತು ನಮಗೆ ದಕ್ಕಿದೆ. ಅವರು ಹೇಳುತ್ತ ಹೋದದ್ದನ್ನು ಗೆಳೆಯರು ಬರೆದುಕೊಂಡರು. ‘ಟೊಳ್ಳು ಗಟ್ಟಿ’, ‘ಹೋಂ ರೂಲು’ ಇಂದಿಗೂ ಓದಲು ಸಿಗುತ್ತವೆ. ಬರೆದುಕೊಳ್ಳಲಾಗದ್ದು ಅವರ ನಡಿಗೆ, ಹುಬ್ಬು, ಕತ್ತಿನ ಕೊಂಕು. ಅದನ್ನು ಹಿಡಿದದ್ದು ಆ ರೀಲು.

ಅದೇ 1931ರ ಮಾರ್ಚ್‌ನಲ್ಲಿ ಮಾತಾಡುವ ಚಿತ್ರ ‘ಆಲಂ ಆರಾ’ ಬಂತು, ಮೂಕಿಗಳಿಗೆ ಬೆಲೆ ಹೋಯಿತು. ನೈಟ್ರೇಟ್ ಫಿಲಂ ಬೇಗ ಹತ್ತಿ ಉರಿಯುವಂಥದ್ದು. ಉಳಿದದ್ದರಲ್ಲೂ ಎಷ್ಟೋ ಫಿಲಂ ಅದರೊಳಗಿನ ಬೆಳ್ಳಿಯ ಆಸೆಗೆ ಕರಗಿಹೋದವು. ಹಳೆಯ ಚಿತ್ರಗಳನ್ನು ಕಾಪಿಡುವ ರಾಷ್ಟ್ರೀಯ ಚಿತ್ರಭಂಡಾರ ಪುಣೆಯಲ್ಲಿ ಶುರುವಾದದ್ದು 1964ರಲ್ಲಿ. ನಮ್ಮ ಚಿತ್ರಚರಿತ್ರೆಗಳು ಈ ಚಿತ್ರಕ್ಕೆ ಒಂದು ಇಸವಿ, ಮೂರು ಹೆಸರು ಕೊಟ್ಟು ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ ಜಿಗಿಯುತ್ತವೆ. ಕೈಲಾಸಂ ಕ್ಯಾಮೆರಾದ ಮುಂದೆ ಹೇಗೆ ನಿಂತಿದ್ದರು ಎಂದು, ನೋಡಿದವರು ಬದುಕಿದ್ದಾಗಲೇ ಕೇಳಿ ಬರೆದಿಡಬೇಕಿತ್ತು.