ಯೌವನ ಕಳೆದ ಮೇಲಿನ ಮೊಡವೆಯೂ ಅಂಗಡಿಯ ಮುಲಾಮೂ

ರಾಯಚೂರು ನಗರದ ಔಷಧದ ಅಂಗಡಿಗಳ ಮುಂದೆ ಸಾಯಂಕಾಲದ ಹೊತ್ತು ಸ್ವಲ್ಪ ಕಾಲ ನಿಂತವರಿಗೆ, ಅಥವಾ ಸಂತೆಯ ದಿನ ದೇವದುರ್ಗದಲ್ಲಿಯೋ ಮಾನ್ವಿಯಲ್ಲಿಯೋ ಅಂಥ ಅಂಗಡಿಯ ಕಟ್ಟೆಯೇರಿದವರಿಗೆ, ಒಂದು ವ್ಯವಹಾರ ಕಣ್ಣಿಗೆ ಬೀಳದೆ ಇರದು. ಮೂವತ್ತರ ಆಚೀಚೆಯ ಗೃಹಿಣಿಯೊಬ್ಬಳೋ ಶಾಲೆಯ ಉಪಾಧ್ಯಾಯನೊಬ್ಬನೋ ಬಂದು, ‘ಮಾರಿ ಮ್ಯಾಲ ಗುಳ್ಳಿ ಎದ್ದಾವ್ರೀ, ಏನರ ಹಚ್ಚಾಕ ಕೊಡ್ರಿ’ ಎನ್ನುತ್ತಾರೆ. ಅಂಗಡಿಯವನು ಗಲ್ಲವನ್ನೊಮ್ಮೆ ನೋಡಿದಂತೆ ಮಾಡಿ ಸಣ್ಣದೊಂದು ಟ್ಯೂಬನ್ನು ಕೈಗಿಡುತ್ತಾನೆ. ವೈದ್ಯನ ಚೀಟಿಯ ಪ್ರಸ್ತಾಪವೇ ಬರುವುದಿಲ್ಲ. ಈ ಪದ್ಧತಿ ನಮ್ಮ ಜಿಲ್ಲೆಗೆ ಮಾತ್ರ ವಿಶಿಷ್ಟವಾದುದಲ್ಲ. ಆದರೆ ಒಂದು ದಿನದ ಕೂಲಿಯನ್ನೂ ಬಸ್ಸಿನ ದರವನ್ನೂ ತೆತ್ತು ಚರ್ಮವೈದ್ಯನ ಬಾಗಿಲಿಗೆ ಹೋಗಬೇಕಾದ ತಾಲ್ಲೂಕಿನ ಜನಕ್ಕೆ ಅಂಗಡಿಯ ಕಟ್ಟೆಯೇ ಆಸ್ಪತ್ರೆಯಾಗಿರುವುದರಿಂದ, ಅಲ್ಲಿ ನಡೆಯುವ ಚಿಕಿತ್ಸೆಯ ಗುಣದೋಷಗಳನ್ನು ಒಂದು ಗ್ರಂಥದ ಗುಣದೋಷಗಳನ್ನು ಪರೀಕ್ಷಿಸುವಷ್ಟೇ ನಿಷ್ಠೆಯಿಂದ ಪರೀಕ್ಷಿಸುವುದು ಅನುಚಿತವಾಗಲಾರದು.

ಮೊಡವೆಯು ಹರೆಯದ ಸೊತ್ತು ಎಂಬ ನಂಬಿಕೆ ಪ್ರಾಚೀನವಾದದ್ದು. ಸುಶ್ರುತನು ಕ್ಷುದ್ರರೋಗಗಳ ಪ್ರಕರಣದಲ್ಲಿ ಬೂರುಗದ ಮುಳ್ಳಿನಂತೆ ಮುಖದಲ್ಲಿ ಏಳುವ ಪಿಡಕೆಗಳನ್ನು ವರ್ಣಿಸಿದಾಗ ಅವನ ಕಣ್ಣ ಮುಂದಿದ್ದವರು ತರುಣರೇ. ಈ ನಂಬಿಕೆಯ ಫಲವಾಗಿಯೇ ನಮ್ಮ ಮನೆಗಳಲ್ಲಿ ‘ಲಗ್ನ ಆದ್ರ ತಾನ ಹೋಗ್ತಾವ’ ಎಂಬ ಸಮಾಧಾನ ಇಂದಿಗೂ ಸಲ್ಲುತ್ತಿದೆ; ಲಗ್ನವಾಗಿ ಎರಡು ಮಕ್ಕಳ ತಾಯಿಯಾದವಳಿಗೆ ಮೊದಲ ಬಾರಿಗೆ ಮೊಡವೆ ಕಾಣಿಸಿಕೊಂಡಾಗ ಮಾತ್ರ ಹಿರಿಯರಿಗೆ ಹೇಳಲು ಮಾತೇ ಉಳಿಯುವುದಿಲ್ಲ. 25 ವರ್ಷ ಕಳೆದ ಮೇಲೆ ಹೊಸದಾಗಿ ತಲೆದೋರುವ ಮೊಡವೆಯನ್ನು ವೈದ್ಯಶಾಸ್ತ್ರವು ಪ್ರತ್ಯೇಕವಾಗಿಯೇ ಗಣಿಸುತ್ತದೆ. ಅದು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಹಣೆಗಿಂತ ದವಡೆ, ಗದ್ದ, ಕತ್ತಿನ ಮೇಲ್ಭಾಗಗಳಲ್ಲಿ ಹೆಚ್ಚು. ತಿಂಗಳ ಮುಟ್ಟಿಗೆ ಕೆಲವು ದಿನ ಮುಂಚೆ ಉಲ್ಬಣಿಸುವುದು ಅದರ ಸ್ವಭಾವ. ಮೊಡವೆ ಅಡಗಿದರೂ ನಮ್ಮಂಥ ಕಂದುಬಣ್ಣದ ಚರ್ಮದಲ್ಲಿ ಅದರ ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಆಂಡ್ರೋಜನ್ ಎಂಬ ಹಾರ್ಮೋನಿನ ಪ್ರೇರಣೆಯಿಂದ ತೈಲಗ್ರಂಥಿಗಳು ಅತಿಯಾಗಿ ಸ್ರವಿಸುವುದು, ರೋಮಕೂಪದ ಬಾಯಿ ಕಟ್ಟುವುದು, ಒಳಗೆ ಬ್ಯಾಕ್ಟೀರಿಯಾ ವೃದ್ಧಿಯಾಗಿ ಉರಿಯೂತ ಏಳುವುದು, ಇವು ರೋಗದ ಮೂಲವ್ಯಾಪಾರಗಳು. ಮುಟ್ಟು ಏರುಪೇರಾಗಿ ಮೀಸೆಗದ್ದಗಳಲ್ಲಿ ಕೂದಲೂ ಕಾಣಿಸಿಕೊಂಡರೆ ಅಂಡಾಶಯದ ಪಿಸಿಒಎಸ್ ದೋಷವನ್ನು ಶಂಕಿಸಬೇಕಾಗುತ್ತದೆ. ಕ್ಷಯರೋಗದ ಐಸೋನಿಯಾಜಿಡ್, ಮೂರ್ಛೆರೋಗದ ಫೆನಿಟಾಯಿನ್ ಮೊದಲಾದ ಮದ್ದುಗಳಿಂದಲೂ ಮೊಡವೆಯಂಥ ಗುಳ್ಳೆಗಳು ಏಳುವುದುಂಟು. ಇದರ ಮೇಲೆ ಈ ಸೀಮೆಯ ಬೇಸಗೆ 40 ಡಿಗ್ರಿಯನ್ನು ಲೀಲಾಜಾಲವಾಗಿ ದಾಟುತ್ತದೆ. ಕಾಲುವೆಯ ಕೆಳಗಿನ ಭತ್ತದ ಗದ್ದೆಯಲ್ಲಿ ಮುಖಕ್ಕೆ ಬಟ್ಟೆ ಬಿಗಿದು ದುಡಿಯುವ ಹೆಂಗಸಿನ ಗಲ್ಲದಲ್ಲಿ ಬೆವರೂ ತಿಕ್ಕಾಟವೂ ಕೂಡಿ ಇದ್ದ ಮೊಡವೆಯನ್ನು ಕೆರಳಿಸುತ್ತವೆ. ‘ಉಷ್ಣ ಆಗ್ಯದ’ ಎಂಬ ಜನರ ನಿದಾನದಲ್ಲಿ ಅಷ್ಟುಮಟ್ಟಿನ ಸತ್ಯಾಂಶವಿಲ್ಲದೆ ಇಲ್ಲ.

ಮನೆಮದ್ದಿನ ವಿಷಯವಾಗಿ ದೀರ್ಘ ವಾದ ಬೇಕಿಲ್ಲ. ಕಡಲೆಹಿಟ್ಟು, ಅರಿಸಿನ, ಮುಲ್ತಾನಿ ಮಿಟ್ಟಿ ಇವು ಮೇಲಿನ ಜಿಡ್ಡನ್ನು ತೆಗೆಯುತ್ತವೆಯೇ ಹೊರತು ಒಳಗಿನ ಕೂಪವನ್ನು ಮುಟ್ಟುವುದಿಲ್ಲ. ಉಪಕಾರ ಅಲ್ಪ, ಅಪಕಾರವೂ ಅಲ್ಪ. ನಿಂಬೆರಸವನ್ನೂ ಹಲ್ಲುಜ್ಜುವ ಪೇಸ್ಟನ್ನೂ ಈ ಗುಂಪಿಗೆ ಸೇರಿಸಲಾಗದು, ಅವು ಚರ್ಮವನ್ನು ಸುಡುತ್ತವೆ. ಕೊಬ್ಬರಿ ಎಣ್ಣೆ ತಲೆಗೆ ಎಷ್ಟು ಹಿತವೋ ಮೊಡವೆಯ ಮುಖಕ್ಕೆ ಅಷ್ಟೇ ಅಹಿತ.

ನಿಜವಾದ ವಿಚಾರಣೆ ನಡೆಯಬೇಕಾದದ್ದು ಅಂಗಡಿಯ ಟ್ಯೂಬಿನ ಮೇಲೆ. ಅದರಲ್ಲಿರುವುದು ಬಹಳ ಸಂದರ್ಭಗಳಲ್ಲಿ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಎಂಬ ಪ್ರಬಲ ಸ್ಟಿರಾಯ್ಡು. ಕೆಲವೊಮ್ಮೆ ಅದರೊಡನೆ ಒಂದು ಆ್ಯಂಟಿಬಯಾಟಿಕ್, ಒಂದು ಬೂಷ್ಟುನಾಶಕ. ಬಣ್ಣ ತಿಳಿಯಾಗಬೇಕೆಂಬ ಆಸೆಯೂ ಜೊತೆಗಿದ್ದರೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟಿರಾಯ್ಡು ಈ ಮೂರೂ ಸೇರಿದ ಮಿಶ್ರಣ. ಈ ಮಿಶ್ರಣದ ಮೂಲಸೂತ್ರವನ್ನು 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಎಂಬ ಪಂಡಿತರು ಪ್ರಕಟಿಸಿದ್ದು ಚರ್ಮದ ಅತಿವರ್ಣವನ್ನು ತಗ್ಗಿಸುವುದಕ್ಕಾಗಿಯೇ ವಿನಾ ನಿತ್ಯದ ಮುಖಲೇಪನಕ್ಕಾಗಿ ಅಲ್ಲ. ಸ್ಟಿರಾಯ್ಡು ರಕ್ತನಾಳಗಳನ್ನು ಸಂಕೋಚಗೊಳಿಸಿ ಉರಿಯೂತವನ್ನು ಅಡಗಿಸುವುದರಿಂದ ಕೆಲವೇ ದಿನಗಳಲ್ಲಿ ಕೆಂಪು ಇಳಿಯುತ್ತದೆ, ಮುಖ ಬೆಳ್ಳಗೆ ಕಾಣುತ್ತದೆ, ಅಂಗಡಿಯವನ ಕೀರ್ತಿ ಓಣಿಯಲ್ಲೆಲ್ಲ ಹಬ್ಬುತ್ತದೆ. ಆದರೆ ಇದು ಸಾಹುಕಾರನಿಂದ ತಂದ ಸಾಲದ ಸುಖ. ವಾರಗಳು ತಿಂಗಳಾದಂತೆ ಚರ್ಮ ತೆಳ್ಳಗಾಗಿ ನಾಳಗಳು ಎಳೆಯೆಳೆಯಾಗಿ ಹೊರಗೆ ಕಾಣುತ್ತವೆ, ಅನಪೇಕ್ಷಿತ ರೋಮ ಬೆಳೆಯುತ್ತದೆ, ಬಿಸಿಲಿಗೆ ಮೋರೆ ಉರಿಯುತ್ತದೆ; ಹಚ್ಚುವುದನ್ನು ನಿಲ್ಲಿಸಿದೊಡನೆ ಗುಳ್ಳೆಗಳು ಮೊದಲಿಗಿಂತ ಉಗ್ರವಾಗಿ ಮರುಕಳಿಸುವುದರಿಂದ ರೋಗಿ ಮತ್ತೊಂದು ಟ್ಯೂಬಿಗಾಗಿ ಅದೇ ಕಟ್ಟೆಯನ್ನೇರುತ್ತಾನೆ. ಮೊಡವೆಗೆಂದು ಹಚ್ಚಿದ ಮದ್ದೇ ಮೊಡವೆಯನ್ನು ಹುಟ್ಟಿಸುತ್ತದೆ. ಇನ್ನೊಂದು ಅನರ್ಥವನ್ನು ಜನ ಸಾಮಾನ್ಯವಾಗಿ ಗಮನಿಸುವುದಿಲ್ಲ: ಮುಖದ ರೋಮವೂ ಮೊಡವೆಯೂ ಕೂಡಿರುವುದು ಪಿಸಿಒಎಸ್‌ನ ಸೂಚನೆಯಾಗಿರುವಂತೆ ಸ್ಟಿರಾಯ್ಡಿನ ದುಷ್ಫಲವೂ ಆಗಿರುವುದರಿಂದ, ಮುಲಾಮು ಹಚ್ಚಿದ ಮುಖವನ್ನು ನೋಡಿ ಮೂಲರೋಗವನ್ನು ಗುರುತಿಸುವುದು ವೈದ್ಯನಿಗೂ ಕಷ್ಟವಾಗುತ್ತದೆ.

ಇದು ನನ್ನ ಊಹಾಪೋಹವಲ್ಲ. ಭಾರತದ ಹಲವು ಕೇಂದ್ರಗಳ ಚರ್ಮವೈದ್ಯರು ಕೂಡಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ಚರ್ಮರೋಗವೆಂದು ಬಂದ 2,926 ಮಂದಿಯಲ್ಲಿ 433 ಮಂದಿ ಮುಖಕ್ಕೆ ಸ್ಟಿರಾಯ್ಡು ಹಚ್ಚುತ್ತಿದ್ದರು. ಅವರಲ್ಲಿ 104 ಮಂದಿ ಮೊಡವೆಗೆಂದೇ ಹಚ್ಚಿದವರು. 257 ಮಂದಿಗೆ ಅದನ್ನು ಸೂಚಿಸಿದವರು ವೈದ್ಯರಲ್ಲದವರು. 392 ಮಂದಿಯಲ್ಲಿ ದುಷ್ಪರಿಣಾಮ ಕಂಡಿತ್ತು. ಆ ದುಷ್ಪರಿಣಾಮಗಳಲ್ಲಿ ಅಗ್ರಸ್ಥಾನ ಮೊಡವೆಯದೇ. ನ್ಯಾಯಕ್ಕಾಗಿ ಇದನ್ನೂ ಹೇಳಬೇಕು: ಆ 257 ಮಂದಿಯನ್ನು ಬಿಟ್ಟು ಉಳಿದವರಿಗೆ ಬರೆದುಕೊಟ್ಟವರು ವೈದ್ಯರೇ ಆಗಿದ್ದರು, ಆದಕಾರಣ ಅಂಗಡಿಯವನೊಬ್ಬನನ್ನೇ ಕಟಕಟೆಗೇರಿಸುವುದು ಸಲ್ಲದು. ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಸ್ಟಿರಾಯ್ಡು ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ, ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಶಾಸನ ಸಮರ್ಪಕವಾಗಿಯೇ ಇದೆ. ಅದು ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳಿಂದ ಕೆಳಗಿಳಿದು ಕಟ್ಟೆಗೆ ಇನ್ನೂ ಬಂದಿಲ್ಲ.

ಹಾಗಾದರೆ ಶಾಸ್ತ್ರೀಯ ಚಿಕಿತ್ಸೆ ನಿರ್ದೋಷವೇ? ಅದರ ಸಾಮಗ್ರಿ ಉತ್ತಮ: ರಾತ್ರಿ ಕಡಲೆಕಾಳಿನಷ್ಟು ಅಡಾಪಲೀನ್, ಬೆನ್ಜಾಯಿಲ್ ಪೆರಾಕ್ಸೈಡ್ (ಇದು ದಿಂಬಿನ ಬಟ್ಟೆಯ ಬಣ್ಣವನ್ನೂ ತಿಂದುಹಾಕುವುದೆಂದು ಮೊದಲೇ ಎಚ್ಚರಿಸಿದರೆ ಮನೆಯಲ್ಲಿ ಶಾಂತಿ ಇರುತ್ತದೆ), ಕಲೆಗೂ ಮೊಡವೆಗೂ ಒದಗುವ ಅಜೆಲೈಕ್ ಆಮ್ಲ, ಬಿಸಿಲಿಗೆ ಸನ್‌ಸ್ಕ್ರೀನ್, ಅಗತ್ಯಬಿದ್ದರೆ ಮಿತಕಾಲದ ಡಾಕ್ಸಿಸೈಕ್ಲೀನ್, ಹಾರ್ಮೋನಿನ ದೋಷವಿದ್ದ ಸ್ತ್ರೀಯರಿಗೆ ಸ್ಪಿರೋನೋಲಾಕ್ಟೋನ್ ಮೊದಲಾದವು, ತೀವ್ರರೂಪಕ್ಕೆ ಐಸೊಟ್ರೆಟಿನಾಯಿನ್. ಈ ಕೊನೆಯದು ಗರ್ಭಸ್ಥ ಶಿಶುವನ್ನು ವಿಕಲಗೊಳಿಸುವಷ್ಟು ಅಪಾಯಕಾರಿಯಾದುದರಿಂದ ಗರ್ಭಿಣಿಗೆ ಸರ್ವಥಾ ನಿಷಿದ್ಧ. ಆದರೆ ಈ ಚಿಕಿತ್ಸೆಯ ದೊಡ್ಡ ಲೋಪ ಸಾಮಗ್ರಿಯಲ್ಲಿಲ್ಲ, ಅದನ್ನು ಒಪ್ಪಿಸುವ ರೀತಿಯಲ್ಲಿದೆ. ಫಲ ಕಾಣಲು 8ರಿಂದ 12 ವಾರಗಳು ಬೇಕೆಂದೂ, ಮೊದಲ ವಾರಗಳಲ್ಲಿ ಚರ್ಮ ಒಣಗಿ ಸುಲಿಯುವುದೆಂದೂ, ಮೊಡವೆ ಒಮ್ಮೆ ಹೆಚ್ಚಿದಂತೆಯೂ ತೋರಬಹುದೆಂದೂ ತಿಳಿಯಹೇಳುವ ಎರಡು ನಿಮಿಷದ ಮಾತು ಜನಜಂಗುಳಿಯ ಓಪಿಡಿಯಲ್ಲಿ ಮೊದಲು ಬಿಟ್ಟುಹೋಗುತ್ತದೆ. ಆ ಮಾತನ್ನು ಕೇಳದೆ ಮಾನ್ವಿಗೆ ಹಿಂದಿರುಗಿದವಳು ಮೂರನೆಯ ವಾರದಲ್ಲಿ ಉರಿಯುವ ಮುಖವನ್ನು ಕಂಡು ಹೆದರಿ, ಮೂರೇ ದಿನದಲ್ಲಿ ಗುಣತೋರಿಸುವ ಅಂಗಡಿಯ ಟ್ಯೂಬಿಗೆ ಮರಳಿದರೆ ತಪ್ಪು ಅವಳದೆಂದು ಹೇಳುವ ಧೈರ್ಯ ನನಗಿಲ್ಲ. ಅಂಗಡಿಯ ಮುಲಾಮಿನ ಯಶಸ್ಸಿನಲ್ಲಿ ಅರ್ಧ ಪಾಲು ವೈದ್ಯರ ಮೌನದ್ದು.

ಓದುಗರಲ್ಲಿ ನನ್ನದೊಂದು ಬಿನ್ನಹ. ಮುಖಕ್ಕೆ ಹಚ್ಚುವ ಟ್ಯೂಬಿನ ಮೇಲೆ ಮದ್ದಿನ ಹೆಸರು ‘ಸೋನ್’ ಎಂದೋ ‘ಸಾಲ್’ ಎಂದೋ ಮುಗಿದರೆ, ಅಂಗಡಿಯವನು ಎಷ್ಟೇ ಆಪ್ತನಾಗಿದ್ದರೂ ಅದನ್ನು ಅಲ್ಲಿಯೇ ಹಿಂದಿರುಗಿಸಿರಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದವರು ಗಾಬರಿಯಿಂದ ತಟ್ಟನೆ ಬಿಡದೆ, ಹಚ್ಚಿದ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮವೈದ್ಯರನ್ನು ಕಾಣಿರಿ. ರಾಯಚೂರಿನಲ್ಲಿ 2007ರಿಂದ ಸರ್ಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ರಿಮ್ಸ್, ಇದ್ದೇ ಇದೆ. ಅಲ್ಲಿಂದ ಏಳುವ ಮುನ್ನ ‘ಎಷ್ಟು ವಾರ ಹಚ್ಚಬೇಕು, ಯಾವಾಗ ಗುಣ ಕಾಣುತ್ತದೆ’ ಎಂದು ಕೇಳಿ ಬರೆಸಿಕೊಂಡು ಬನ್ನಿರಿ.